ಉಪ್ಪಿಗೆ ಕೈ ಹಾಕುವ ಮೊದಲು

ಅಕ್ಕನಿಗೆ ಮೆಲ್ಲಗೆ ಮಾತಾಡಲು ಬರುತ್ತಿರಲಿಲ್ಲ. ಗುಟ್ಟು ಹೇಳಿದರೂ ಬೀದಿ ತುದಿಯ ಬಸ್ ಸ್ಟಾಪಿನವರೆಗೆ ಕೇಳಿಸುತ್ತಿತ್ತು. ಒಮ್ಮೆ ಒಬ್ಬ ಗಿರಾಕಿ ಬಂದು, ನಿಮ್ಮ ನಿಂಬೆಕಾಯಿ ಉಪ್ಪಿನಕಾಯಿ ಬರೀ ಉಪ್ಪು ಕಣ್ರೀ ಎಂದ. ಅಕ್ಕ ಸೊಂಟದ ಮೇಲೆ ಕೈಯಿಟ್ಟು, "ಉಪ್ಪಿನಕಾಯೀಲಿ ಉಪ್ಪಿರ್ದೆ ಇನ್ನೇನಿರುತ್ತೆ ಸ್ವಾಮಿ? ಸಿಹಿ ಬೇಕಿದ್ರೆ ಮುಂದ್ಲ ಬೇಕ್ರಿಗೆ ಓಗಿ" ಎಂದು ದಬಾಯಿಸಿ, ಬೇರೆ ಜಾಡಿ ಕೊಟ್ಟು ಕಳಿಸಿದರು. ಅವನು ಗೇಟು ದಾಟಿದ ಮೇಲೆ ವಾಪಸು ಬಂದ ಜಾಡಿಯಿಂದ ಚಮಚದಲ್ಲಿ ಒಂದಿಷ್ಟು ಅಂಗೈಗೆ ಹಾಕಿಕೊಂಡು ನೆಕ್ಕಿದರು. ಮುಖ ಕಿವುಚಿಕೊಂಡು ನಮ್ಮ ಕಡೆ ತಿರುಗಿ, "ಅವ್ನು ಏಳಿದ್ದು ದಿಟ ಕಣ್ರಮ್ಮಾ. ಯಾವಳು ಇದ್ಕೆ ಎರಡ್ ಸಲ ಉಪ್ಪು ಸುರ್ದಿದ್ದು?" ಎಂದರು. ಸುರಿದವಳು ನಾನು.

ಅವರ ಹೆಸರನ್ನು ಇಲ್ಲಿ ಬರೆಯುವುದಿಲ್ಲ. ನಿಮ್ಮ ಬಗ್ಗೆ ಯಾವತ್ತಾದರೂ ಬರೀತೀನಿ ಅಕ್ಕಾ ಎಂದು ಒಂದು ಸಲ ಹೇಳಿದ್ದೆ. "ಬರಿ, ಯಾರ್ ಬೇಡ ಅಂದ್ರು? ಎಸ್ರು ಮಾತ್ರ ಆಕ್ಬೇಡ. ಜನ ಉಡುಕ್ಕೊಂಡ್ ಬತ್ತಾರೆ. ಇರೋ ಆರ್ಡ್ರೇ ಮುಗಿಸಕ್ಕಾಗ್ತಿಲ್ಲ" ಎಂದಿದ್ದರು. ಹೋದ ತಿಂಗಳು ತೀರಿಕೊಂಡರು. ಎಪ್ಪತ್ತು ದಾಟಿತ್ತು, ಎಷ್ಟು ದಾಟಿತ್ತು ಎನ್ನುವುದು ಅವರಿಗೂ ಸರಿಯಾಗಿ ಗೊತ್ತಿರಲಿಲ್ಲ. ಅವರ ಪೂರ್ತಿ ಕತೆ ನನಗೆ ಗೊತ್ತಿಲ್ಲ. ಗೊತ್ತಿರುವಷ್ಟನ್ನು, ಅದರಲ್ಲೂ ನನಗೆ ಸಂಬಂಧಪಟ್ಟಷ್ಟನ್ನು ಹೇಳುತ್ತೇನೆ.

ಅವರ ಉಪ್ಪಿನಕಾಯಿ ಮನೆ ಇದ್ದದ್ದು ಯಲಹಂಕದ ಪಕ್ಕದ ಕೋಗಿಲಿನ ಹಳೇ ಊರಿನೊಳಗೆ. ಮನೆಗೆ ಅಂಟಿಕೊಂಡಂತೆ ಶೀಟು ಹೊದಿಸಿದ ಒಂದು ಉದ್ದ ಕೋಣೆ, ಅದರ ಹಿಂದೆ ಇನ್ನೊಂದು ಕತ್ತಲ ಕೋಣೆ, ಏಳು ಜನ ಹೆಂಗಸರು. ಸುತ್ತಲೂ ಅಪಾರ್ಟ್‌ಮೆಂಟುಗಳು ಎದ್ದಿದ್ದವು. ಮೆಣಸಿನಕಾಯಿ ಹುರಿಯುವ ದಿನ ಮೇಲಿನ ಬಾಲ್ಕನಿಗಳಿಂದ ಜನ ಕೆಮ್ಮುತ್ತಾ ಬೈಯುತ್ತಿದ್ದರು, ಸಂಜೆ ಅವರೇ ಚೀಲ ಹಿಡಿದು ಬಂದು ಅರ್ಧ ಕೆಜಿ ಮಾವಿನಕಾಯಿ ತೊಕ್ಕು ಒಯ್ಯುತ್ತಿದ್ದರು. ಅಕ್ಕ ಕುಳ್ಳಗಿದ್ದರು. ಸೀರೆಯ ಮೇಲೆ ಗಂಡಸರ ಹಳೇ ಅಂಗಿಯೊಂದನ್ನು ತೊಟ್ಟು, ಅದರ ತೋಳನ್ನು ಮೊಣಕೈಗಿಂತ ಮೇಲೆ ಸುತ್ತಿಕೊಂಡು ಓಡಾಡುತ್ತಿದ್ದರು. ಆ ಅಂಗಿ ಎಷ್ಟು ಒಗೆದರೂ ಇಂಗಿನ ವಾಸನೆ ಬಿಡುತ್ತಿರಲಿಲ್ಲ.

ಬೆಳಗ್ಗೆ ಒಂಬತ್ತಕ್ಕೆ ಕೆಲಸ ಶುರು. ಅದಕ್ಕೂ ಮೊದಲು ಎಲ್ಲರೂ ಸ್ಟೀಲು ಮೇಜಿನ ಸುತ್ತ ನಿಂತು, ತೋಳು ಮೇಲೇರಿಸಿ, ಎರಡೂ ಕೈಗಳನ್ನು ಮುಂದೆ ಚಾಚಬೇಕಿತ್ತು. ಅಕ್ಕ ಒಬ್ಬೊಬ್ಬರ ಕೈ ಹಿಡಿದು ನೋಡುತ್ತಾ ಬರುತ್ತಿದ್ದರು. ಮೊದಲು ತೇವ ಇದೆಯೇ ಎಂದು, ಏಕೆಂದರೆ ಹನಿ ನೀರು ಸೇರಿದರೂ ಉಪ್ಪಿನಕಾಯಿಗೆ ಬೂಷ್ಟು ಹಿಡಿಯುತ್ತದೆ. ಆಮೇಲೆ ಉಗುರು. ಆಮೇಲೆ ಗಾಯ. ಗಾಯ ಇದ್ದವರು ತಾವೇ ಬಾಯಿಬಿಟ್ಟು ಹೇಳಬೇಕು, ಅದು ಅಲ್ಲಿನ ಕಾನೂನು.

"ಅಕ್ಕಾ, ಬಾಗ್ಲಿಗೆ ಸಿಕ್ಕಿ ಹೆಬ್ಬೆಟ್ಟು ಜಜ್ಜೋಗಿದೆ."

"ನೀನಿವತ್ತು ಲೇಬಲ್ಲು ಅಂಟ್ಸು."

"ಅಕ್ಕಾ, ಕುಕ್ಕರ್ ತಗಲ್ತು ನಿನ್ನೆ."

"ಸಾಸ್ವೆ ಆರಿಸ್ಕೊಂಡ್ ಕೂತ್ಕೊ. ಉಪ್ಪಿನ ತಂಟೆಗ್ ಓಗ್ಬೇಡ."

ಇಷ್ಟೇ. ಹೇಗಾಯಿತು, ಕಣ್ಣೆಲ್ಲಿಟ್ಟಿದ್ದೆ ಎಂಬ ಮಾತೇ ಇಲ್ಲ. ಚಮಚ ಬಿದ್ದರೆ, ಬಾಗಿಲು ತೆರೆದಿಟ್ಟರೆ, ಐದು ನಿಮಿಷ ತಡವಾಗಿ ಬಂದರೆ ಮೂರು ಮನೆಗೆ ಕೇಳಿಸುವಂತೆ ಬೈಯುತ್ತಿದ್ದ ಆ ಹೆಂಗಸು ಗಾಯಕ್ಕೆ ಮಾತ್ರ ಯಾರನ್ನೂ ಬೈದದ್ದಿಲ್ಲ. ಯಾಕೆ ಅಕ್ಕಾ ಎಂದು ಬಹಳ ದಿನಗಳ ಮೇಲೆ ಕೇಳಿದೆ. "ಬೈದ್ರೆ ನಾಳಿಂದ ಮುಚ್ಚಿಟ್ಕೋತಾರೆ ಮಗಾ. ಮುಚ್ಚಿಟ್ಕೊಂಡು ಉಪ್ಪಿಗೆ ಕೈ ಆಕಿದ್ರೆ ಅವ್ರಿಗೂ ಉರಿ, ನನ್ ಮಾಲೂ ಆಳು" ಎಂದರು.

ಇಂಥ ಜಾಗಕ್ಕೆ ನಾನು ಹೋಗಿ ಸೇರಿಕೊಂಡೆ. ನನಗಾಗ ಇಪ್ಪತ್ತನಾಲ್ಕು. ಹೆಬ್ಬಾಳದ ಒಂದು ಕಾಲ್ ಸೆಂಟರಿನ ಕೆಲಸ ಬಿಟ್ಟು, ಗಂಗಾನಗರದ ನಮ್ಮ ಬಾಡಿಗೆ ಮನೆಯಲ್ಲಿ ನಾಲ್ಕು ತಿಂಗಳು ಗೋಡೆ ನೋಡುತ್ತಾ ಕೂತಿದ್ದೆ. ಅಮ್ಮ ತೀರಿಕೊಂಡು ಎರಡು ವರ್ಷವಾಗಿತ್ತು. ಉಳಿದವರು ಅಪ್ಪ ಮತ್ತು ನಾನು. ಅಪ್ಪನಿಗೆ ಅಂಚೆ ಕಚೇರಿಯಲ್ಲಿ ಕೆಲಸ. ಮೊದಲೇ ಮಾತು ಕಮ್ಮಿ, ಅಮ್ಮ ಹೋದ ಮೇಲೆ ಇದ್ದ ಎರಡು ಮಾತೂ ನಿಂತವು. ಸಂಜೆ ಬಂದವರು "ಊಟ ಆಯ್ತಾ?" ಎನ್ನುತ್ತಿದ್ದರು, ನಾನು "ಆಯ್ತು" ಎನ್ನುತ್ತಿದ್ದೆ. ಇಬ್ಬರಿಗೂ ಎದೆಯಲ್ಲಿ ಒಂದೇ ಸಂಕಟ, ಇಬ್ಬರೂ ಒಬ್ಬರಿಂದೊಬ್ಬರು ಬಚ್ಚಿಟ್ಟುಕೊಂಡು ಓಡಾಡುತ್ತಿದ್ದೆವು.

ಅಮ್ಮ ಹೋದ ಮೇಲಿನ ಆ ದಿನಗಳಲ್ಲಿ ನನ್ನ ಕೈಗೆ ನಾನೇ ಗಾಯ ಮಾಡಿಕೊಳ್ಳುತ್ತಿದ್ದೆ. ಹೇಗೆ ಎಂದು ಬರೆಯುವುದಿಲ್ಲ, ಅದರಿಂದ ಯಾರಿಗೂ ಉಪಯೋಗವಿಲ್ಲ. ಸಾಯಬೇಕು ಎಂದಲ್ಲ. ಒಳಗಿನ ಸಂಕಟವನ್ನು ಏನು ಮಾಡಬೇಕು ಎಂದು ಗೊತ್ತಿರಲಿಲ್ಲ, ಯಾರಿಗೆ ಹೇಳಬೇಕು ಎಂದಂತೂ ಗೊತ್ತೇ ಇರಲಿಲ್ಲ. ಮಾಡಿಕೊಂಡಿದ್ದರಿಂದ ಸಂಕಟವೇನೂ ಹೋಗಲಿಲ್ಲ, ಜೊತೆಗೆ ನಾಚಿಕೆ ಬಂದು ಸೇರಿಕೊಂಡಿತು. ಏಪ್ರಿಲ್ ತಿಂಗಳಲ್ಲೂ ಉದ್ದ ತೋಳಿನ ಚೂಡಿದಾರ ಹಾಕುತ್ತಿದ್ದೆ. ಕೇಳಿದವರಿಗೆ, ಬಿಸಿಲಿಗೆ ಕಪ್ಪಾಗ್ತೀನಿ ಎಂದು ಹಲ್ಲು ಬಿಡುತ್ತಿದ್ದೆ.

ಆರ್ಡರ್ ಬರೆದುಕೊಳ್ಳಲು, ಫೋನ್ ತೆಗೆಯಲು ಒಬ್ಬರು ಬೇಕಂತೆ ಎಂದು ನಮ್ಮ ಮಹಡಿ ಮನೆಯ ಆಂಟಿ ಹೇಳಿದರು. ನನಗೂ ಅಂಥದ್ದೇ ಬೇಕಿತ್ತು, ಯಾರ ಕಣ್ಣಿಗೂ ಬೀಳದೆ ಕೂರಲು ಒಂದು ಮೂಲೆ. ಮೊದಲ ದಿನ ಕೈ ಚಾಚುವ ಶಾಸ್ತ್ರ ನೋಡಿ ಎರಡು ಹೆಜ್ಜೆ ಹಿಂದೆ ಸರಿದೆ. "ನಂದು ಬರೀ ಬರೆಯೋ ಕೆಲಸ ಅಲ್ವಾ ಅಕ್ಕಾ" ಎಂದೆ. ಅಕ್ಕ ಒಂದು ಗಳಿಗೆ ನನ್ನ ತೋಳನ್ನೇ ನೋಡಿದರು, ಬಿಟ್ಟರು. ಮೂರು ವಾರ ಹಾಗೇ ಕಳೆಯಿತು.

ನಾಲ್ಕನೇ ವಾರ ಒಂದು ಮದುವೆಯ ದೊಡ್ಡ ಆರ್ಡರ್ ಬಂತು. ಅದೇ ದಿನ ಇಬ್ಬರು ರಜಾ. "ಬಾರವ್ವಾ, ನೀನೂ ಕೈ ಆಕು" ಎಂದರು ಅಕ್ಕ. ಎದುರಿಗೆ ದೊಡ್ಡ ತಟ್ಟೆಗಳಲ್ಲಿ ನಿಂಬೆಹೋಳು, ಉಪ್ಪು, ಖಾರದಪುಡಿ.

"ಗಾಯಗೀಯ ಏನಾರ ಐತಾ?"

"ಇಲ್ಲ ಅಕ್ಕಾ."

ಐದು ನಿಮಿಷವೂ ಆಗಿರಲಿಲ್ಲ. ನಿಂಬೆರಸ ತೋಳಿನ ಬಟ್ಟೆಗೆ ಹೀರಿಕೊಂಡು ಮೇಲೇರಿತು. ಹಲ್ಲು ಕಚ್ಚಿ ತಡೆದುಕೊಂಡೆ, ಕಣ್ಣು ಮಾತ್ರ ಕೇಳಲಿಲ್ಲ, ನೀರು ಇಳಿಯಿತು. ಅಕ್ಕ ನನ್ನ ರಟ್ಟೆ ಹಿಡಿದು ಹಿತ್ತಲ ನಲ್ಲಿಯ ಹತ್ತಿರ ಎಳೆದುಕೊಂಡು ಹೋದರು. ತೋಳು ಮೇಲೇರಿಸಿ ತಣ್ಣೀರು ಬಿಟ್ಟರು. ಆಗ ನೋಡಿದರು. ಮೊಣಕೈವರೆಗೂ ನೋಡಿದರು, ಇನ್ನೊಂದು ಕೈಯನ್ನೂ ನೋಡಿದರು. ಅಕ್ಕ ಸುಮ್ಮನಿದ್ದದ್ದನ್ನು ನಾನು ನೋಡಿದ್ದು ಅದೇ ಮೊದಲು. ತಮ್ಮ ಸೆರಗಿನಲ್ಲೇ ಒರೆಸಿ, "ಓಗು, ಲೇಬಲ್ ಅಂಟಿಸ್ಕೊಂಡ್ ಕೂತ್ಕೊ" ಎಂದರು.

ಮಧ್ಯಾಹ್ನದ ಮೇಲೆ ಅಕ್ಕ ಕಾಣಲಿಲ್ಲ. ಬ್ಯಾಂಕಿಗೆ ಹೋಗಿರಬೇಕು ಎಂದರು ಯಾರೋ.

ಅವರು ಹೋದದ್ದು ನಮ್ಮ ಮನೆಗೆ. ಕೆಲಸಕ್ಕೆ ಸೇರುವಾಗ ಚೀಟಿಯಲ್ಲಿ ವಿಳಾಸ ಬರೆದುಕೊಟ್ಟಿದ್ದೆನಲ್ಲ. ಸಂಜೆ ಆರಕ್ಕೆ ನಾನು ಗಂಗಾನಗರದಲ್ಲಿ ಬಸ್ಸಿಳಿದು ನಮ್ಮ ರಸ್ತೆಗೆ ತಿರುಗಿದಾಗ ಆ ದನಿ ಕೇಳಿಸಿತು. ಓಡಿದೆ. ಗೇಟಿನೊಳಗೆ ಅಕ್ಕ, ಅದೇ ಅಂಗಿ. ಮೆಟ್ಟಿಲ ಮೇಲೆ ಅಪ್ಪ, ಕೈಯಲ್ಲಿ ಕನ್ನಡಕ. ಮಹಡಿಯ ಆಂಟಿ ಒಗೆದ ಬಟ್ಟೆ ತೆಗೆಯುವ ನೆಪದಲ್ಲಿ ಕಂಬಿಯ ಮೇಲೆ ಬಗ್ಗಿ ನಿಂತಿದ್ದರು.

"ಓದಿರೋ ಮನುಷ್ಯ, ಸರ್ಕಾರಿ ಕೆಲ್ಸ! ತಾಯಿಲ್ಲದ್ ಮಗೀನ ಇಂಗಾ ಒಡಿಯೋದು? ನಿನ್ ಕೈ ಸೇದೋಗ!"

"ಅಮ್ಮಾ, ನೀವು ಯಾರು? ಯಾರ ಮನೆ ಬೇಕಿತ್ತು ನಿಮಗೆ?"

"ನಿನ್ ಮನೇನೇ ಬೇಕಿತ್ತು ಕಣಯ್ಯಾ!"

ಈಗ ನೆನೆದರೆ ನಗು ಬರುತ್ತದೆ. ಆಗ ಭೂಮಿ ಬಾಯಿಬಿಡಬಾರದೇ ಅನ್ನಿಸಿತು. ಅಕ್ಕನ ತಪ್ಪು ಏನಿಲ್ಲ. ಅವರ ಕೈಕೆಳಗಿದ್ದ ಏಳು ಜನರಲ್ಲಿ ಮೂವರು ಗಂಡನ ಏಟು ತಿಂದು ಬರುತ್ತಿದ್ದವರು. ಅಕ್ಕನೂ ಒಂದು ಕಾಲಕ್ಕೆ ತಿಂದವರೇ. ಆ ಮೂವರ ಮನೆಗೂ ಹೀಗೇ ಹೋಗಿ ಗಂಡಂದಿರಿಗೆ ನೀರಿಳಿಸಿ ಬಂದಿದ್ದರು. ಹೆಂಗಸಿನ ಮೈಮೇಲೆ ಗಾಯ ಕಂಡರೆ ಮನೆಯಲ್ಲೊಬ್ಬ ಗಂಡಸನ್ನು ಹುಡುಕಬೇಕು ಎನ್ನುವುದು ಅವರು ಬಾಳಿ ಕಲಿತದ್ದು. ನಮ್ಮ ಮನೆಯಲ್ಲಿ ಇದ್ದ ಒಬ್ಬನೇ ಗಂಡಸು ನಮ್ಮಪ್ಪ, ಇರುವೆಯನ್ನೂ ಊದಿ ಕಳಿಸುವ ಪ್ರಾಣಿ.

ಅಪ್ಪ ನನ್ನ ಕಡೆ ತಿರುಗಿದರು. "ಏನಮ್ಮ ಇದು? ನಿನ್ನ ಕೈಗೆ ಏನಾಗಿದೆ ಅಂತಿದಾರೆ ಇವರು?" ನಾನು ತೋಳಿನ ಬಟ್ಟೆಯನ್ನು ಇನ್ನಷ್ಟು ಕೆಳಕ್ಕೆ ಎಳೆದುಕೊಂಡೆ. ಅಪ್ಪನ ಮುಖ ಸಣ್ಣದಾಯಿತು. "ನನ್ನಿಂದ ಏನಾದ್ರೂ ತಪ್ಪಾಯ್ತಾ?" ಎಂದು ಮೆಲ್ಲಗೆ ಕೇಳಿದರು.

ಆ ಪ್ರಶ್ನೆ ನನ್ನನ್ನು ಕೊಂದಿತು. ಮಾಡದ ತಪ್ಪನ್ನು ಹೊತ್ತುಕೊಳ್ಳಲು ಮನುಷ್ಯ ತಯಾರಾಗಿ ನಿಂತಿದ್ದರು. ನಾನು ಸುಮ್ಮನೆ ಒಳಗೆ ಹೋಗಿಬಿಟ್ಟಿದ್ದರೆ ನನ್ನ ಗುಟ್ಟು ಉಳಿಯುತ್ತಿತ್ತು, ಅಪ್ಪನಿಗೆ ಆ ರಸ್ತೆಯಲ್ಲಿ ತಲೆಯೆತ್ತಿ ಓಡಾಡಲು ಆಗುತ್ತಿರಲಿಲ್ಲ. ಒಂದು ಕ್ಷಣ, ಸುಳ್ಳು ಯಾಕೆ ಹೇಳಲಿ, ಹಾಗೇ ಹೋಗಿಬಿಡಲೇ ಎಂದೂ ಯೋಚಿಸಿದೆ.

"ಅಪ್ಪ ಅಲ್ಲ" ಎಂದೆ. ಎಷ್ಟು ಜೋರಾಗಿ ಎಂದರೆ ಅಕ್ಕನ ದನಿಯನ್ನೂ ಮೀರಿತು. "ಅಪ್ಪ ಒಂದು ದಿನ ನನ್ನ ಮೇಲೆ ಕೈ ಎತ್ತಿಲ್ಲ. ನಾನೇ. ನಾನೇ ಮಾಡ್ಕೊಂಡಿದ್ದು."

ಎರಡು ವರ್ಷದಲ್ಲಿ ಅದನ್ನು ಬಾಯಿಬಿಟ್ಟು ಹೇಳಿದ್ದು ಅದೇ ಮೊದಲು. ಮಹಡಿಯ ಆಂಟಿ ಬಟ್ಟೆ ಅಲ್ಲೇ ಬಿಟ್ಟು ಒಳಗೆ ಹೋದರು, ಅವರ ಆ ಒಂದು ಉಪಕಾರವನ್ನು ನಾನು ಮರೆತಿಲ್ಲ. ಅಕ್ಕ ನನ್ನನ್ನೂ ಅಪ್ಪನನ್ನೂ ಮಿಕಿಮಿಕಿ ನೋಡಿದರು. ಆಮೇಲೆ ಕುಸಿದವರಂತೆ ಮೆಟ್ಟಿಲ ಮೇಲೆ ಕೂತು, ಈಗಷ್ಟೇ ಶಾಪ ಹಾಕಿದ ಮನುಷ್ಯನಿಗೆ, "ಒಂದ್ ಲೋಟ ನೀರ್ ಕೊಡಪ್ಪಾ" ಎಂದರು.

ಅಪ್ಪ ನೀರು ಕೊಟ್ಟರು. ಆಮೇಲೆ ಏನು ಮಾಡಬೇಕೆಂದು ತಿಳಿಯದೆ ಕಾಫಿ ಮಾಡಿದರು. ಮೂವರೂ ಮೆಟ್ಟಿಲ ಮೇಲೆ ಕೂತು ಕುಡಿದೆವು. ಕೊನೆಗೆ ಅಕ್ಕನೇ, "ಕೈ ಸೇದೋಗ ಅಂದ್ಬುಟ್ಟೆ ನಿನ್ಗೆ. ಕಾಫಿ ಚೆನ್ನಾಗ್ ಮಾಡೋ ಕೈ ಕಣಪ್ಪಾ. ಅಂದಿದ್ದು ವಾಪಸ್ ತಗೊಂಡೆ ಅನ್ಕೋ" ಎಂದರು. ಅಪ್ಪ ಅಳುತ್ತಿದ್ದರು, ಆದರೂ ನಕ್ಕರು. ಅಮ್ಮ ಹೋದ ಮೇಲೆ ಅಪ್ಪ ಅತ್ತದ್ದನ್ನೂ ನಾನು ನೋಡಿರಲಿಲ್ಲ, ನಕ್ಕದ್ದನ್ನೂ ನೋಡಿರಲಿಲ್ಲ. ಆ ದಿನ ಮಲಗುವಾಗ ಅರ್ಧ ತೋಳಿನ ನೈಟಿ ಹಾಕಿಕೊಂಡೆ. ಎಷ್ಟು ಹಗುರವಾಯಿತೆಂದರೆ, ಹಾಸಿಗೆಗೆ ಬಿದ್ದದ್ದೇ ನಿದ್ದೆ ಹತ್ತಿತು.

ಇಷ್ಟಕ್ಕೇ ಎಲ್ಲ ಸರಿಹೋಯಿತು ಎಂದುಕೊಳ್ಳಬೇಡಿ. ಅಕ್ಕನೇನೂ ದೇವತೆಯಲ್ಲ. ಮಾರನೇ ದಿನ ನನ್ನನ್ನು ಕೂರಿಸಿ ಉಪ್ಪು ಮೆಣಸಿನಕಾಯಿ ಇಳಿತೆಗೆದು ಒಲೆಗೆ ಹಾಕಿದರು. ಘಾಟು ಬರದೇ ಹೋದದ್ದು ನೋಡಿ, "ನೋಡ್ದಾ, ಎಷ್ಟು ದೃಷ್ಟಿ ಆಗಿತ್ತು" ಎಂದರು. ಅದಾದರೂ ಹೋಗಲಿ. ಮಧ್ಯಾಹ್ನ ಊಟದ ಹೊತ್ತಿಗೆ ಪಕ್ಕದಲ್ಲಿ ಕೂತು, "ಅಂತಾ ಒಳ್ಳೆ ಅಪ್ಪ, ಉಣ್ಣಕ್ ಉಡಕ್ ಕಮ್ಮಿ ಇಲ್ಲ, ನಿಂಗ್ಯಾಕ್ ಬಂತು ಈ ರೋಗ? ನಮ್ ಕಷ್ಟ ನೋಡಿದ್ರೆ ನೀನೇನ್ ಮಾಡ್ತಿದ್ದೆ?" ಎಂದುಬಿಟ್ಟರು. ಉಣ್ಣುತ್ತಿದ್ದ ತಟ್ಟೆ ಬಿಟ್ಟು ಎದ್ದು ಹೋದೆ. ಎರಡು ದಿನ ಕೆಲಸಕ್ಕೆ ಹೋಗಲಿಲ್ಲ. ಅಕ್ಕನ ಮೇಲೆ ಕೆಂಡದಂಥ ಕೋಪ ಬಂದಿತ್ತು.

ಮೂರನೇ ದಿನ ಬೆಳಗ್ಗೆ ಅವರೇ ಬಂದರು. ಈ ಸಲ ಗೇಟಿನ ಹೊರಗೇ ನಿಂತರು.

"ನನ್ ಮಂಡಿ ನೋವಿಗೆ ಅಂತ ಡಾಕ್ಟ್ರಮ್ಮನತ್ರ ಓಗಿದ್ದೆ. ಅಂಗೇ ನಿನ್ ವಿಷ್ಯಾನೂ ಕೇಳ್ದೆ. ಎಸ್ರು ಏಳ್ಲಿಲ್ಲ ಕಣೆ, ಆಣೆ. ಅವ್ರು ನನ್ಗೇ ಬೈದ್ರು."

"ಯಾಕಂತೆ?"

"ನಿಂಗೇನ್ ಕಮ್ಮಿ ಅಂತ ಕೇಳ್ಬಾರ್ದಂತೆ. ಯಾಕ್ ಮಾಡ್ಕೊಂಡೆ ಅಂತ ಗದರ್ಬಾರ್ದಂತೆ. ಮತ್ತೇನ್ ಕೇಳ್ಲಿ ತಾಯಿ ಅಂದೆ. ಎಂಗಿದೀಯ ಅಂತ ಕೇಳಿ, ಏಳಿದ್ನ ಕೇಳಿಸ್ಕೊಳಿ ಅಂದ್ರು. ಅಷ್ಟೇನಾ ಅಂದೆ. ಅದೇ ಕಷ್ಟ ಅಂದ್ರು." ಆಮೇಲೆ ಪಾಠ ಒಪ್ಪಿಸುವವರಂತೆ, "ಎಂಗಿದೀಯ?" ಎಂದರು.

"ಚೆನ್ನಾಗಿಲ್ಲ ಅಕ್ಕಾ."

"ಊಂ" ಎಂದರು. ಇನ್ನೇನೋ ಹೇಳಲು ಬಾಯಿ ತೆರೆದು ಮುಚ್ಚಿಕೊಂಡರು. ಅವರಿಗೆ ಅದೆಷ್ಟು ಕಷ್ಟವಾಯಿತೋ ದೇವರಿಗೇ ಗೊತ್ತು.

ಆ ವೈದ್ಯೆ ಬರೆದುಕೊಟ್ಟ ಚೀಟಿ ಹಿಡಿದು ಮಾನಸಿಕ ಆರೋಗ್ಯದ ಆಸ್ಪತ್ರೆಗೆ ಹೋದೆವು. ಅಪ್ಪ ರಜೆ ಹಾಕಿ ಬಂದರು, ಆದರೆ ಅಲ್ಲಿನ ಬೋರ್ಡು ಓದಿದ್ದೇ ಬೆವತುಹೋದರು. ಅಕ್ಕನಿಗೆ ಅಂಥ ಸಂಕೋಚವೇ ಇಲ್ಲ. ಸರದಿ ಬರಲು ಮೂರು ಗಂಟೆ ಎಂದು ಗೊತ್ತಾದದ್ದೇ ಚೀಲದಿಂದ ಹುಣಸೆಹಣ್ಣು ತೆಗೆದು ಬೆಂಚಿನ ಮೇಲೆ ಪೇಪರ್ ಹಾಸಿ ಬೀಜ ಬಿಡಿಸಲು ಕೂತರು. ಪಕ್ಕದಲ್ಲಿ ಮಂಕಾಗಿ ಕೂತಿದ್ದ ಹೆಂಗಸಿನ ಮುಂದೂ ಒಂದು ಹಿಡಿ ಇಟ್ಟು, "ಸುಮ್ನೆ ಕೂತ್ರೆ ಒತ್ತು ಓಗಲ್ಲ, ಬಿಡಿಸವ್ವಾ" ಎಂದರು. ಸೆಕ್ಯುರಿಟಿಯವನು ಬಂದು, ಇಲ್ಲೆಲ್ಲಾ ಇದು ಮಾಡಂಗಿಲ್ಲ ಅಜ್ಜಿ ಎನ್ನುವಷ್ಟರಲ್ಲಿ ಆ ಸಾಲಿನಲ್ಲಿ ಐದು ಜನ ಹುಣಸೆಹಣ್ಣು ಬಿಡಿಸುತ್ತಿದ್ದರು. ಅವರಲ್ಲಿ ನಮ್ಮಪ್ಪನೂ ಒಬ್ಬರು.

ಅಲ್ಲೇ ಅಕ್ಕ ತಮ್ಮ ಅಂಗಿಯ ತೋಳು ಇನ್ನಷ್ಟು ಮೇಲೇರಿಸಿ ಕೈ ತೋರಿಸಿದರು. "ಇದು ಎಣ್ಣೆ. ಇದು ಬಾಣ್ಲಿ. ಇದು ನನ್ ಗಂಡ. ಎಲ್ಲಾ ವಾಸಿ ಆಗೈತೆ. ಕಲೆ ಐತೆ, ಉರಿ ಇಲ್ಲ." ನಾನು ಆ ಕಲೆಗಳನ್ನು ಮುಟ್ಟಿ ನೋಡಿದೆ. ಅವರು ಕೈ ಹಿಂದಕ್ಕೆ ಎಳೆದುಕೊಳ್ಳಲಿಲ್ಲ.

ನನ್ನ ಸುತ್ತಮುತ್ತ ಏನೇನು ಇರಬಾರದು ಎಂದು ವೈದ್ಯರು ಅಪ್ಪನಿಗೂ ಅಕ್ಕನಿಗೂ ತಿಳಿಸಿ ಹೇಳಿದರು. ಅಕ್ಕ ಅದನ್ನು ಚಾಚೂ ತಪ್ಪದೆ ಪಾಲಿಸಿದರು. ಹೋಳು ಮಾಡುವ ಕೆಲಸವನ್ನೆಲ್ಲ ಹಿಂದಿನ ಕೋಣೆಗೆ ಸಾಗಿಸಿದರು. ಯಾಕಕ್ಕಾ ಎಂದವರಿಗೆ, ಅಲ್ಲಿ ಬೆಳಕು ಚೆನ್ನಾಗೈತೆ ಎಂದರು. ಅಲ್ಲಿ ಬೆಳಕೇ ಇರಲಿಲ್ಲ. ಮಾತು ಉಳಿಸಿಕೊಳ್ಳಲು ಎರಡು ಹೊಸ ಟ್ಯೂಬ್‌ಲೈಟ್ ಹಾಕಿಸಿದರು. ನನ್ನ ವಿಷಯ ಅಲ್ಲಿ ಯಾರಿಗೂ ಹೇಳಲಿಲ್ಲ. ಅಷ್ಟು ದೊಡ್ಡ ಬಾಯಿಯಲ್ಲಿ ಅಷ್ಟು ದಿನ ಆ ಗುಟ್ಟು ಹೇಗೆ ನಿಂತಿತೋ ನನಗೆ ಈಗಲೂ ಆಶ್ಚರ್ಯ.

ಹಾಗೆ ಅನ್ನಿಸಿದಾಗ ಒಬ್ಬರಿಗಾದರೂ ಹೇಳು ಎಂದಿದ್ದರು ಆಸ್ಪತ್ರೆಯ ಕೌನ್ಸೆಲರ್. ಅಕ್ಕ ತಮ್ಮ ನಂಬರನ್ನು ನನ್ನ ಫೋನಿನಲ್ಲಿ ತಾವೇ ನಿಂತು ಹಾಕಿಸಿದರು. ಫೋನ್ ಮಾಡಿದರೆ ಅವರು ಸಮಾಧಾನ ಹೇಳುತ್ತಿರಲಿಲ್ಲ. "ಎಲ್ಲಿದೀಯ? ಕೂತಿದೀಯಾ ನಿಂತಿದೀಯಾ? ಮನೇಲ್ ಯಾರವ್ರೆ?" ಎಂದು ಶುರುಮಾಡುತ್ತಿದ್ದರು. ಆಮೇಲೆ ಊರಿನ ಪುರಾಣ. ಪಕ್ಕದ ಮನೆಯವರ ಹಸು ಅಪಾರ್ಟ್‌ಮೆಂಟಿನ ಲಿಫ್ಟಿನ ಬಾಗಿಲಿಗೆ ಹೋಗಿ ನಿಂತದ್ದು, ನಾದಿನಿ ಚಿಕ್ಕಬಾಣಾವರದಲ್ಲಿ ತಪ್ಪು ರೈಲು ಹತ್ತಿ ತುಮಕೂರಿನಲ್ಲಿ ಇಳಿದದ್ದು. ನಡುವೆ ಒಮ್ಮೆ ನಿಲ್ಲಿಸಿ, "ಓಯ್ತಾ?" ಎನ್ನುವರು.

"ಇಲ್ಲ ಅಕ್ಕಾ."

"ಇರು ಅಂಗಾದ್ರೆ, ಇನ್ನೂ ಐತೆ ಕತೆ."

ಹೋಗುತ್ತಿತ್ತು. ಅರ್ಧ ಗಂಟೆಗೋ ಒಂದು ಗಂಟೆಗೋ, ಹೋಗುತ್ತಿತ್ತು. ಅದು ಬರುವಂತೆಯೇ ಹೋಗುತ್ತದೆ ಎಂಬುದು ನನಗೆ ಅಷ್ಟರವರೆಗೆ ಗೊತ್ತೇ ಇರಲಿಲ್ಲ. ಅಕ್ಕನೊಬ್ಬರಿಂದಲೇ ವಾಸಿಯಾದೆ ಎಂದರೆ ಸುಳ್ಳಾದೀತು. ಮಾತ್ರೆ ಇತ್ತು, ವಾರಕ್ಕೊಮ್ಮೆ ಕೌನ್ಸೆಲರ್ ಇದ್ದರು. ಅಮ್ಮನ ಬಗ್ಗೆ ನಾನು ಬಾಯಿಬಿಟ್ಟು ಅತ್ತದ್ದು ಅವರ ಮುಂದೆಯೇ. ಆದರೆ ಒಂದು ವಾರಕ್ಕೂ ಇನ್ನೊಂದು ವಾರಕ್ಕೂ ನಡುವೆ ಆರು ದಿನ ಇರುತ್ತದಲ್ಲ, ಆ ಆರು ದಿನ ಅಕ್ಕನವು.

ಏಳು ತಿಂಗಳು ಚೆನ್ನಾಗಿತ್ತು. ಎಂಟನೇ ತಿಂಗಳು ಅಮ್ಮನ ತಿಥಿ ಕಳೆದ ಮರುದಿನ ಮತ್ತೆ ಮಾಡಿಕೊಂಡೆ. ಅಂದು ಅಕ್ಕನಿಗೆ ಫೋನ್ ಮಾಡಲಿಲ್ಲ. ಮಾರನೇ ದಿನ ಜ್ವರ ಎಂದು ಮೆಸೇಜ್ ಹಾಕಿದೆ. ಒಂಬತ್ತೂಕಾಲಕ್ಕೆ ಫೋನ್ ಬಂತು.

"ಕೆಲ್ಸಕ್ ಬರೋದ್ ಬೇಡ. ಕೈ ತೋರ್ಸಕ್ಕೆ ಬಾ."

ಹೋದೆ. ಮೇಜಿನ ಹತ್ತಿರ ಎಲ್ಲರೂ ನಿಂತಿದ್ದರು. ನಾನು ಅಕ್ಕನನ್ನು ಪಕ್ಕಕ್ಕೆ ಕರೆದು ತೋಳು ಮೇಲೇರಿಸಿ, "ಗಾಯ ಇದೆ ಅಕ್ಕಾ" ಎಂದೆ. ಅವರು ನೋಡಿದರು. ತೊಳೆದು ಔಷಧಿ ಹಚ್ಚಿ ಬಟ್ಟೆ ಕಟ್ಟಿದರು. "ಇವತ್ತೇ ಆಸ್ಪತ್ರೆಗ್ ಓಗಾಣ" ಎಂದರು. ನಾನು ದಿನಗಳನ್ನು ಎಣಿಸಿಡುತ್ತಿದ್ದೆ. ಇನ್ನೂರಕ್ಕೂ ಮೇಲಾಗಿದ್ದದ್ದು ಸೊನ್ನೆಯಾಯಿತು, ಎಲ್ಲಾ ಹಾಳಾಯಿತು ಎಂದು ಬಿಕ್ಕಿದೆ. ಅಕ್ಕನಿಗೆ ರೇಗಿತು.

"ಯಾವ್ ಲೆಕ್ಕನೇ ಅದು? ನೂರ್ ಜಾಡೀಲಿ ಒಂದ್ ಜಾಡಿಗೆ ಬೂಷ್ಟು ಬಂದ್ರೆ ನೂರನ್ನೂ ತಿಪ್ಪೆಗ್ ಸುರೀತೀವಾ? ಆ ಒಂದನ್ನ ತಗ್ದು ಪಕ್ಕಕ್ಕಿಡ್ತೀವಿ. ಎಲ್ಲಿ ನೀರ್ ಬಿತ್ತು ಅಂತ ನೋಡ್ತೀವಿ. ಮಿಕ್ಕಿದ್ದು ಚೆನ್ನಾಗೇ ಐತೆ."

ಆಮೇಲೆ ನಾನು ಎಣಿಸುವುದನ್ನು ಬಿಟ್ಟೆ. ಅದಾದ ನಂತರವೂ ಎರಡು ಸಲ ಜಾರಿದ್ದೇನೆ, ಎರಡು ಸಲವೂ ಅದೇ ದಿನ ಹೇಳಿದ್ದೇನೆ. ಕೊನೆಯದು ಆಗಿ ಹತ್ತು ವರ್ಷದ ಮೇಲಾಯಿತು.

ಅಪ್ಪನ ವಿಷಯ ಹೇಳಬೇಕು. ನಿವೃತ್ತರಾದ ಮೇಲೆ ಶನಿವಾರ ಶನಿವಾರ ಕೋಗಿಲಿಗೆ ಬಂದು ಜಾಡಿಗಳ ಮೇಲಿನ ಚೀಟಿ ಬರೆದುಕೊಡುತ್ತಿದ್ದರು. ಮುತ್ತು ಪೋಣಿಸಿದಂಥ ಅಕ್ಷರ. ಅಕ್ಕನೂ ಅವರೂ ಒಳ್ಳೆಯ ಸ್ನೇಹಿತರಾದರು. ಆದರೆ ಆ ಒಂದು ಮಾತನ್ನು ನನ್ನ ಹತ್ತಿರ ಎತ್ತಲು ಅಪ್ಪನಿಂದ ಆಗಲೇ ಇಲ್ಲ. ಅಕ್ಕನನ್ನು ಪಕ್ಕಕ್ಕೆ ಕರೆದು, "ಹೇಗಿದ್ದಾಳೆ?" ಎನ್ನುವರು. "ಅಲ್ಲೇ ಕೂತವ್ಳಲ್ಲ, ಅವಳ್ನೇ ಕೇಳಪ್ಪಾ" ಎಂದು ಅಕ್ಕ ಗದರುವರು. ಅಪ್ಪ ನನ್ನ ಹತ್ತಿರ ಬಂದು ನಿಂತು, ಗಂಟಲು ಸರಿಮಾಡಿಕೊಂಡು, "ಊಟ ಆಯ್ತಾ?" ಎಂದು ಕೇಳಿ ಹೋಗುವರು. ಅಕ್ಕ ತಲೆ ಚಚ್ಚಿಕೊಳ್ಳುವರು. ನನಗೆ ಬೇಜಾರಾಗುತ್ತಿರಲಿಲ್ಲ ಎಂದರೆ ಸುಳ್ಳು. ಅಪ್ಪನಿಗೆ ಪ್ರೀತಿ ಇರಲಿಲ್ಲ ಎಂದಲ್ಲ, ಕೇಳಿದರೆ ಯಾವ ಉತ್ತರ ಬರುತ್ತದೋ ಎಂಬ ಭಯ. ಮೆಟ್ಟಿಲ ಮೇಲೆ ಕಾಫಿ ಕುಡಿದ ಆ ದಿನದಿಂದ ಹದಿನಾಲ್ಕು ವರ್ಷ ಹೀಗೇ ಕಳೆಯಿತು.

ನಾನೀಗ ಯಲಹಂಕದ ಒಂದು ಶಾಲೆಯ ಆಫೀಸಿನಲ್ಲಿದ್ದೇನೆ, ಅಲ್ಲೇ ಹತ್ತಿರ ಒಂದು ಸಣ್ಣ ಮನೆ ಮಾಡಿಕೊಂಡಿದ್ದೇನೆ. ಹೋದ ತಿಂಗಳು ಒಂದು ಬೆಳಗ್ಗೆ ಹನ್ನೊಂದಕ್ಕೆ ಉಪ್ಪಿನಕಾಯಿ ಮನೆಯಿಂದ ಫೋನ್ ಬಂತು. ಅಕ್ಕ ಹೋಗ್ಬಿಟ್ರು ಕಣೇ, ಬೆಳಗ್ಗೆ ಕಾಫಿ ಕುಡಿದು ಹಾಗೇ ಒರಗಿದವರು ಏಳಲೇ ಇಲ್ಲ.

ಅವತ್ತು ಏನೂ ಆಗಲಿಲ್ಲ, ಇದನ್ನು ಮೊದಲೇ ಹೇಳಿಬಿಡುತ್ತೇನೆ, ಓದುವವರು ಗಾಬರಿಯಾಗುವುದು ಬೇಡ. ಆದರೆ ಫೋನ್ ಇಟ್ಟಾಗ ಮೊದಲು ಬಂದದ್ದು ಅಳುವಲ್ಲ, ಹಳೇ ಯೋಚನೆ. ಹತ್ತು ವರ್ಷ ಎಲ್ಲಿತ್ತೋ, ಪಕ್ಕದ ಕುರ್ಚಿಯಲ್ಲಿ ಬಂದು ಕೂತಿತು. ಅಭ್ಯಾಸಬಲದಿಂದ ಫೋನ್ ತೆಗೆದು ಅಕ್ಕನ ನಂಬರ್ ಒತ್ತಲು ಹೋದೆ. ಆಗ ತಿಳಿಯಿತು, ಈ ಮಾತು ಹೇಳಿಕೊಳ್ಳಲು ನನಗಿದ್ದ ಒಬ್ಬರೇ ಹೋಗಿಬಿಟ್ಟಿದ್ದಾರೆ ಎಂದು. ಕೌನ್ಸೆಲರಿಗೆ ಮೆಸೇಜ್ ಹಾಕಿದೆ. ಸಂಜೆ ಐದಕ್ಕೆ ಮಾತಾಡೋಣ, ಅಲ್ಲಿಯವರೆಗೆ ಒಬ್ಬಳೇ ಇರಬೇಡ ಎಂದು ಉತ್ತರ ಬಂತು. ಐದಕ್ಕೆ ಇನ್ನೂ ಆರು ಗಂಟೆ ಇತ್ತು. ಅಪ್ಪನಿಗೆ ಫೋನ್ ಮಾಡಿ, ಅಕ್ಕ ಹೋದರು ಎಂದಷ್ಟೇ ಹೇಳಿದೆ. ಉಳಿದದ್ದು ಹೇಳಲಾಗಲಿಲ್ಲ.

ಕೋಗಿಲಿನಲ್ಲಿ ಬೀದಿ ತುಂಬ ಜನ. ಅಕ್ಕನನ್ನು ಅಂಗಳದಲ್ಲಿ ಮಲಗಿಸಿದ್ದರು, ಹೊಸ ಸೀರೆ ಉಡಿಸಿದ್ದರು. ಅಷ್ಟು ಮೌನವಾಗಿ ಅವರು ಮಲಗಿದ್ದನ್ನು ನೋಡಲು ಆಗಲಿಲ್ಲ. ಅಪ್ಪ ಗಂಗಾನಗರದಿಂದ ಎರಡು ಬಸ್ಸು ಬದಲಿಸಿ ಬಂದಿದ್ದರು. ಕೈಮುಗಿದು ಸ್ವಲ್ಪ ಹೊತ್ತು ನಿಂತರು. ಆಮೇಲೆ ನನ್ನ ರಟ್ಟೆ ಮುಟ್ಟಿ, ಬಾ ಎಂದು ಕಣ್ಣಲ್ಲೇ ಕರೆದರು.

ಬೀದಿಯ ತುದಿಯಲ್ಲಿ ಒಂದು ಕಲ್ಲುಬೆಂಚು. ಕೂತೆವು. ಅಪ್ಪ ಗಂಟಲು ಸರಿಮಾಡಿಕೊಂಡರು. ಈಗ ಊಟ ಆಯ್ತಾ ಅನ್ನುತ್ತಾರೆ ಎಂದುಕೊಂಡೆ. ಅನ್ನಲಿಲ್ಲ. ಕನ್ನಡಕ ತೆಗೆದರು, ಒರೆಸಿದರು, ಹಾಕಿಕೊಂಡರು. ಎದುರಿನ ಗೋಡೆ ನೋಡುತ್ತಾ ಹೇಳಿದರು:

"ಒಂದು ಮಾತು ಕೇಳ್ತೀನಿ. ಬೇಜಾರು ಮಾಡ್ಕೋಬೇಡಮ್ಮಾ. ಅಷ್ಟು ವರ್ಷದಿಂದ ಅವರು ಕೇಳು ಕೇಳು ಅಂತಿದ್ರು, ನನ್ ಕೈಲಾಗ್ಲಿಲ್ಲ. ಇವತ್ತು... ಕೈಗೆ ಹಂಗೆ ಮಾಡ್ಕೋಬೇಕು ಅಂತ ಅನ್ನಿಸ್ತಿದೆಯಾ?"

ಇಲ್ಲ ಎಂದುಬಿಡಬಹುದಿತ್ತು. ಎಪ್ಪತ್ತರ ಹತ್ತಿರದ ಮುದುಕ. ಇಲ್ಲ ಎಂದರೆ ಅವರಿಗೆ ನೆಮ್ಮದಿ, ನನಗೂ ಸುಲಭ.

"ಅನ್ನಿಸ್ತಿದೆ ಅಪ್ಪ" ಎಂದೆ. "ಬೆಳಗ್ಗೆಯಿಂದ."

ಅಪ್ಪ ಕಣ್ಣು ಮುಚ್ಚಿಕೊಂಡರು. ಕುಸಿಯುತ್ತಾರೇನೋ ಎಂದು ನನಗೆ ಭಯವಾಯಿತು. ಅವರು ಉದ್ದಕ್ಕೆ ಉಸಿರು ಬಿಟ್ಟು, ನನ್ನ ಕೈಯನ್ನು ತಮ್ಮ ಎರಡೂ ಕೈಗಳಲ್ಲಿ ಹಿಡಿದುಕೊಂಡರು.

"ಸದ್ಯ" ಎಂದರು. "ಹೇಳಿದ್ಯಲ್ಲ."